ಬೆಳೆ ರಕ್ಷಣೆಯ ಕೋವಿ: ನಾರಾವಿ ಸೀಮೆಯಲ್ಲಿ ಅದರ ಬೆಲೆ ಮತ್ತು ಮೌಲ್ಯ

ಬೆಳೆ ರಕ್ಷಣೆಯ ಕೋವಿ ಎಂದರೆ ಗದ್ದೆ ತೋಟಗಳಿಗೆ ನುಗ್ಗುವ ಕಾಡುಪ್ರಾಣಿಗಳನ್ನು ಓಡಿಸಲು, ಅನುಮತಿ ಇದ್ದಲ್ಲಿ ಕೊಲ್ಲಲು, 1959ರ ಆಯುಧ ಕಾಯ್ದೆಯಡಿ ರೈತನಿಗೆ ಪರವಾನಗಿಯ ಮೇಲೆ ದೊರೆಯುವ ನಯ ನಳಿಗೆಯ ಬಂದೂಕು. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಗುರುವಾಯನಕೆರೆಯಿಂದ ಅಳದಂಗಡಿ ಹಾದು ಕಾರ್ಕಳದ ಕಡೆಗೆ ಹೋಗುವ ರಸ್ತೆಯ ಮೇಲಿರುವ ನಾರಾವಿ ಮತ್ತು ಅದರ ನೆರೆಯ ಕುತ್ಲೂರಿನಂಥ ಹಳ್ಳಿಗಳು ಈ ಕೋವಿಯ ಬಳಕೆಯನ್ನು ಅರಿಯಲು ತಕ್ಕ ಸೀಮೆ. ಒಂದು ಕಡೆ ಅಡಿಕೆ, ತೆಂಗು, ರಬ್ಬರ್, ಭತ್ತ. ಇನ್ನೊಂದು ಕಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಈ ಲೇಖನ ಕೋವಿಯ ಮೂಲ, ರಚನೆ, ಬಗೆ, ಬಳಕೆಗಳ ಜೊತೆಗೆ ಅದರ ಬೆಲೆಗೂ ಮೌಲ್ಯಕ್ಕೂ ಇರುವ ಅಂತರವನ್ನು ಪರಿಶೀಲಿಸುತ್ತದೆ. ಸೈನಿಕ ಸ್ನೈಪರ್ ರೈಫಲುಗಳ ಪ್ರತಿಕೃತಿಗಳನ್ನು ಹೇಳಿ ಮಾಡಿಸಿಕೊಳ್ಳುವ ಪರದೇಶದ ಹವ್ಯಾಸವನ್ನೂ ಹೋಲಿಕೆಗೆ ತೆಗೆದುಕೊಂಡಿದೆ. ಎರಡೂ ಕಡೆ ಕೋವಿಯ ಬೆಲೆಯನ್ನು ಕಟ್ಟುವುದು ಕಬ್ಬಿಣ, ಮರ, ಕೈಕೆಲಸ. ಮೌಲ್ಯವನ್ನು ಕಟ್ಟುವುದು ಅದರ ಮೇಲೆ ಒತ್ತಿದ ಸಂಖ್ಯೆ ಮತ್ತು ಆ ಸಂಖ್ಯೆಗೆ ಸಾಕ್ಷಿಯಾಗಿ ನಿಲ್ಲುವ ಕಾಗದ.

ಪದಗಳು

ಈ ಲೇಖನದಲ್ಲಿ ‘ಕೋವಿ’ ಎಂದರೆ ಮದ್ದಿನ ಬಲದಿಂದ ಗುಂಡು ಅಥವಾ ಚರೆ ಹಾರಿಸುವ, ಭುಜಕ್ಕೆ ಒತ್ತಿ ಹೊಡೆಯುವ ಯಾವುದೇ ಬಂದೂಕು. ತುಳುವಿನಲ್ಲಿ ಇದೇ ಬೆಡಿ. ನಳಿಗೆಯ ಒಳಮೈ ನುಣುಪಾಗಿದ್ದರೆ ನಯ ನಳಿಗೆ, ಒಳಗೆ ಸುರುಳಿ ಗೀರುಗಳಿದ್ದರೆ ರೈಫಲ್. ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಕೇಪಿಟ್ಟು ಹಾರಿಸುವುದು ಕೇಪಿನ ಕೋವಿ. ಹಿಂದಿನಿಂದ ತೋಟೆ ಹಾಕುವುದು ತೋಟೆ ಕೋವಿ. ಪರವಾನಗಿ ಪುಸ್ತಕಗಳಲ್ಲಿ ಒಂಟಿ ನಳಿಗೆಯ ಕೇಪಿನ ಕೋವಿ, ಒಂಟಿ ನಳಿಗೆಯ ತೋಟೆ ಕೋವಿ, ಜೋಡಿ ನಳಿಗೆಯ ತೋಟೆ ಕೋವಿಗಳು ಕ್ರಮವಾಗಿ ಎಸ್‌ಬಿಎಂಎಲ್, ಎಸ್‌ಬಿಬಿಎಲ್, ಡಿಬಿಬಿಎಲ್ ಎಂಬ ಅಕ್ಷರಗಳಲ್ಲಿ ಕಾಣುತ್ತವೆ. ‘ಪ್ರತಿಕೃತಿ’ ಎಂಬುದನ್ನು ಎರಡು ಅರ್ಥದಲ್ಲಿ ಬಳಸಿದೆ: ಒಂದು, ನೋಟಕ್ಕೆ ಮಾತ್ರ ಕೋವಿಯಾಗಿ, ಗುಂಡು ಹಾರಿಸಲಾರದ ವಸ್ತು, ಇನ್ನೊಂದು, ಹಳೆಯ ಮಾದರಿಯೊಂದನ್ನು ಭಾಗಭಾಗವಾಗಿ ಅನುಸರಿಸಿ ಹೊಸದಾಗಿ ಕಟ್ಟಿದ, ಗುಂಡು ಹಾರಿಸುವ ರೈಫಲ್. ಬೆಲೆ ಎಂದರೆ ಕೊಳ್ಳುವಾಗ ಕೊಟ್ಟ ಹಣ. ಮೌಲ್ಯ ಎಂದರೆ ಆ ವಸ್ತು ಒಡೆಯನಿಗೆ ಮಾಡಿಕೊಡುವ ಕೆಲಸವೂ ಮುಂದೆ ಇನ್ನೊಬ್ಬರು ಅದಕ್ಕೆ ಕೊಡಲು ಒಪ್ಪುವ ಹಣವೂ ಸೇರಿದ್ದು.

ಮೂಲ

ತುಳುನಾಡಿನ ಒಳನಾಡಿಗೆ ಕೋವಿ ಬಂದದ್ದು ಯುದ್ಧದ ದಾರಿಯಲ್ಲಿ. ಬೆಳ್ತಂಗಡಿ ತಾಲ್ಲೂಕಿನಲ್ಲೇ ಇರುವ ಜಮಾಲಾಬಾದಿನ ಕೋಟೆಯನ್ನು, ಊರವರ ಗಡಾಯಿಕಲ್ಲನ್ನು, ಟಿಪ್ಪು ಸುಲ್ತಾನ 1794ರಲ್ಲಿ ಕಟ್ಟಿಸಿದ. ಅವನ ಶ್ರೀರಂಗಪಟ್ಟಣದ ಕಾರ್ಖಾನೆಗಳು ಐರೋಪ್ಯ ಮಾದರಿಯ ಚಕಮಕಿ ಕೋವಿಗಳನ್ನು ತಯಾರಿಸುತ್ತಿದ್ದವು. ನಕಲು ಮಾದರಿಯದಾದರೂ ಮೇಲೆ ಕೂರಿಸಿದ ಹುಲಿಪಟ್ಟೆಯ ಗುರುತು ಮೈಸೂರಿನದು. ಟಿಪ್ಪುವಿನ ಸ್ವಂತ ಆಯುಧಾಗಾರದ್ದೆಂದು ದಾಖಲೆಯಿದ್ದ, ಬೆಳ್ಳಿ ಕೆತ್ತನೆಯ ಇಂಥ ಒಂದು ಕೋವಿ 2019ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ 60,000 ಪೌಂಡಿಗೆ ಹೋಯಿತು. ಆ ಹಣದಲ್ಲಿ ಬೆಳ್ಳಿ, ಉಕ್ಕು, ಮರಗಳ ಪಾಲು ತೀರ ಸಣ್ಣದು. ಅದೇ ಅಳತೆಯಲ್ಲಿ, ಅದೇ ಬೆಳ್ಳಿಯಲ್ಲಿ ಇಂದು ಮಾಡಿಸಿದ ಕೋವಿಯನ್ನು ಆ ಹರಾಜಿನ ಕೋಣೆಗೆ ತಂದರೆ ಕೆಲಸಗಾರನ ಕೂಲಿಯೂ ಹುಟ್ಟುವುದು ಅನುಮಾನ.

ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದ ಜಿಲ್ಲೆ. 1857ರ ಬಂಡಾಯದ ನಂತರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ನೀತಿ ಬಲವಾಗಿ, 1878ರ ಆಯುಧ ಕಾಯ್ದೆ ಇಡೀ ದೇಶಕ್ಕೆ ಪರವಾನಗಿಯ ಪದ್ಧತಿಯನ್ನು ತಂದಿತು. ನೆರೆಯ ಕೊಡಗಿಗೆ ಮಾತ್ರ ಬೇರೆ ಲೆಕ್ಕ: ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲೇ ಕೊಡವರಿಗೆ ವಿನಾಯಿತಿ ಕೊಟ್ಟಿದ್ದ. ಸ್ವಾತಂತ್ರ್ಯದ ನಂತರ 1959ರ ಆಯುಧ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅದರ 13ನೇ ಕಲಮು ರೈತನ ಮಟ್ಟಿಗೆ ಮುಖ್ಯ. ಸ್ವರಕ್ಷಣೆಗೋ ಕ್ರೀಡೆಗೋ ಕೇಳಿದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನಯ ಕೋವಿ. ನಿಜವಾಗಿ ಬೆಳೆ ರಕ್ಷಣೆಗೆಂದು ಕೇಳಿದರೆ ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯ ಕೋವಿಗೂ ಪರವಾನಗಿ ಕೊಡಬಹುದು. ಬೆಳೆ ಕಾಯುವ ಹಕ್ಕು ಹೀಗೆ ಭೂಮಿಗೆ ಅಂಟಿಕೊಂಡಿತು. 1974ರ ಭೂಸುಧಾರಣೆಯ ನಂತರ ಗೇಣಿದಾರರು ತೋಟದ ಒಡೆಯರಾದಾಗ, ಒಡೆತನದ ಆಧಾರದಲ್ಲಿ ಅರ್ಜಿ ಹಾಕಬಲ್ಲವರ ಬಳಗವೂ ಸಹಜವಾಗಿ ದೊಡ್ಡದಾಯಿತು.

ರಚನೆ

ಒಂಟಿ ನಳಿಗೆಯ ತೋಟೆ ಕೋವಿಯಲ್ಲಿ ಬಿಚ್ಚಿ ನೋಡುವಂಥದ್ದು ಹೆಚ್ಚೇನಿಲ್ಲ: ನಳಿಗೆ, ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ಕಟ್ಟು, ಕುದುರೆ, ಟ್ರಿಗರ್, ಭುಜಕ್ಕೆ ಒತ್ತುವ ಮರದ ಹಿಡಿ. ನಮ್ಮಲ್ಲಿ ಹೆಚ್ಚಾಗಿ ಕಾಣುವ 12 ಬೋರಿನ ನಳಿಗೆ ಸುಮಾರು 18.5 ಮಿಲಿಮೀಟರ್ ಅಗಲ. ಒಂದು ಪೌಂಡು ಸೀಸವನ್ನು 12 ಸಮನಾದ ಗುಂಡುಗಳಾಗಿ ಮಾಡಿದರೆ ಅವುಗಳಲ್ಲಿ ಒಂದು ಸರಿಯಾಗಿ ಕೂರುವ ಅಳತೆ ಇದು. ಹಾರುವುದು ಒಂದೇ ಗುಂಡಲ್ಲ, ಚದುರುವ ಚರೆ. ಹಾಗಾಗಿ 35–40 ಮೀಟರಿನ ಆಚೆಗೆ ಇದರಿಂದ ನಂಬಿಕೆಯ ಕೆಲಸ ಆಗದು. ಅಡಿಕೆ ತೋಟದ ಸಾಲುಮರಗಳ ನಡುವೆ ಅದಕ್ಕಿಂತ ದೂರ ನೋಡುವುದೂ ಕಷ್ಟ.

ಕೋವಿಯ ಮೈಮೇಲಿರುವ ಗುರುತುಗಳು ಅದರ ಯಂತ್ರಭಾಗಗಳಷ್ಟೇ ಗಮನಾರ್ಹ. ನಳಿಗೆಯ ಮೇಲೆ ತಯಾರಕರ ಹೆಸರು, ಸಂಖ್ಯೆ, ಮತ್ತು ಹೆಚ್ಚು ಒತ್ತಡದ ಮದ್ದಿಟ್ಟು ಹಾರಿಸಿ ನಳಿಗೆ ತಾಳಿತೆಂದು ದೃಢಪಡಿಸುವ ಪರೀಕ್ಷೆಯ ಮುದ್ರೆ ಇರುತ್ತವೆ. ಆಯುಧ ಕಾಯ್ದೆಯ 8ನೇ ಕಲಮಿನ ಪ್ರಕಾರ ಈ ಗುರುತುಗಳನ್ನು ಅಳಿಸುವುದು, ತಿದ್ದುವುದು ಅಪರಾಧ. ಗುರುತಿಲ್ಲದ ಕೋವಿಯನ್ನು ಮಾರುವುದೂ ಅಪರಾಧ. ಪರವಾನಗಿ ಪುಸ್ತಕದಲ್ಲಿ ಬರೆಯುವುದು ಇದೇ ಸಂಖ್ಯೆಯನ್ನು. ನವೀಕರಣಕ್ಕೆ ಕೋವಿಯನ್ನು ಹಾಜರುಪಡಿಸಿದಾಗ ಅಧಿಕಾರಿ ಮೊದಲು ನೋಡುವುದು ನಳಿಗೆಯ ಒಳಮೈಯನ್ನಲ್ಲ, ಈ ಅಂಕೆಗಳನ್ನು.

ಬಗೆಗಳು

ಕಾನೂನಿನ ಕಣ್ಣಲ್ಲಿ ಕೋವಿಗಳ ನಡುವಿನ ದೊಡ್ಡ ಗೆರೆ ನಿಷಿದ್ಧ ಬೋರು ಮತ್ತು ಅನಿಷಿದ್ಧ ಬೋರುಗಳ ನಡುವಿನದು. ಸೈನ್ಯ ಬಳಸುವ .303 ಅಥವಾ 7.62 ಮಿ.ಮೀ. ಗುಂಡು ಹಿಡಿಯುವ ರೈಫಲುಗಳು ನಿಷಿದ್ಧ ವರ್ಗದವು. ಸಾಮಾನ್ಯ ನಾಗರಿಕನಿಗೆ ಅವು ಸಿಗವು. ಕೇಪಿನ ಕೋವಿ, ಒಂಟಿ ನಳಿಗೆ ಮತ್ತು ಜೋಡಿ ನಳಿಗೆಯ ತೋಟೆ ಕೋವಿಗಳು ಗೆರೆಯ ಈಚೆಗಿವೆ. ನಾರಾವಿಯಂಥ ಸೀಮೆಯ ತೋಟದ ಮನೆಗಳಲ್ಲಿ ಇರುವುದು ಇವೇ. ಬಲ 20 ಜೂಲ್ ಮೀರದ, ಬೋರು .177 ಅಂಗುಲ ಮೀರದ ಏರ್ ಗನ್ನಿಗೆ ಪರವಾನಗಿ ಬೇಡ. ಆದರೆ ಹಂದಿಯ ಎದುರು ಅದರಿಂದ ಏನೂ ಆಗದು.

ಗೆರೆಯ ಎರಡೂ ಬದಿಗೆ ಕಾಲಿಟ್ಟ ಒಂದು ರೈಫಲ್ ಇದೆ. ಅದರ ಚರಿತ್ರೆಯೇ ಈ ಲೇಖನದ ವಾದಕ್ಕೆ ಒಳ್ಳೆಯ ಸಾಕ್ಷಿ. ಬಂಗಾಳದ ಇಶಾಪುರದಲ್ಲಿ 1904ರಲ್ಲಿ ಆರಂಭವಾದ ರೈಫಲ್ ಕಾರ್ಖಾನೆ ಬ್ರಿಟಿಷ್ ಭಾರತದ ಸೈನ್ಯಕ್ಕೆ .303 ಲೀ-ಎನ್‌ಫೀಲ್ಡ್ ತಯಾರಿಸಿತು. ನಾಗರಿಕರಿಗೆ .303 ನಿಷಿದ್ಧವಾದ್ದರಿಂದ ಅದೇ ಲೀ-ಎನ್‌ಫೀಲ್ಡಿನ ಕಟ್ಟನ್ನು ಉಳಿಸಿಕೊಂಡು ನಳಿಗೆಯನ್ನು ಮಾತ್ರ .315 ಬೋರಿಗೆ ಬದಲಿಸಿ ಬೇಟೆಯ ರೈಫಲ್ ಮಾಡಿದರು. ಎದುರಿಗಿಟ್ಟು ನೋಡಿದರೆ ಬೋಲ್ಟು, ಅದನ್ನು ಎಳೆಯುವ ರೀತಿ, ಮರದ ಆಕಾರ ಎಲ್ಲ ಒಂದೇ ಕುಲದವು. ಹೆಚ್ಚು ಕಡಿಮೆ ಒಂದೇ ಯಂತ್ರಗಳಲ್ಲಿ, ಒಂದೇ ಬಗೆಯ ಉಕ್ಕಿನಲ್ಲಿ ತಯಾರಾದ ಎರಡು ರೈಫಲುಗಳಲ್ಲಿ ಒಂದನ್ನು ಮನೆಯಲ್ಲಿಟ್ಟುಕೊಂಡರೆ ವರ್ಷಗಟ್ಟಲೆ ಜೈಲು, ಇನ್ನೊಂದಕ್ಕೆ ಪರವಾನಗಿ. ತಯಾರಿಕೆಯ ವೆಚ್ಚದಲ್ಲಿ ಈ ವ್ಯತ್ಯಾಸಕ್ಕೆ ಕಾರಣ ಹುಡುಕಿದರೆ ಸಿಗದು. ಇಶಾಪುರದ ಕಾರ್ಖಾನೆ 2021ರ ಅಕ್ಟೋಬರ್ 1ರಿಂದ ಕಾನ್ಪುರ ಕೇಂದ್ರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್‌ಗೆ ಸೇರಿದೆ.

ಪ್ರತಿಕೃತಿ ಸ್ನೈಪರ್ ರೈಫಲ್: ಒಂದು ಹೋಲಿಕೆ

ಅಮೆರಿಕದಂಥ ದೇಶಗಳಲ್ಲಿ ಹಳೆಯ ಸೈನಿಕ ಸ್ನೈಪರ್ ರೈಫಲುಗಳನ್ನು ಹೇಳಿ ಮಾಡಿಸಿಕೊಳ್ಳುವ ಹವ್ಯಾಸ ಬೆಳೆದಿದೆ. ಅಮೆರಿಕದ ಮರೀನ್ ದಳ ವಿಯೆಟ್ನಾಂ ಯುದ್ಧಕಾಲದಲ್ಲಿ, 1966ರಿಂದ ಬಳಸಿದ ಎಂ40 ಇಂಥ ಒಂದು ಮಾದರಿ. ಅದು ರೆಮಿಂಗ್ಟನ್ 700 ಎಂಬ ಅಂಗಡಿಯ ಬೇಟೆ ರೈಫಲಿನ ಕಟ್ಟಿನ ಮೇಲೆ ರೆಡ್‌ಫೀಲ್ಡ್ ಸ್ಕೋಪ್ ಕೂರಿಸಿ ಸಿದ್ಧಪಡಿಸಿದ್ದು. ಇಂದಿಗೂ ಅದೇ ಕಟ್ಟು ಸಿಗುತ್ತದೆ. ಕುಶಲ ಕೆಲಸಗಾರ ಅದಕ್ಕೆ ಹೊಸ ನಳಿಗೆ ಕೂರಿಸಿ, ಮರವನ್ನು ಹಳೆಯ ಅಳತೆಗೆ ಕೆತ್ತಿ, ಅಂದಿನ ಬಣ್ಣದ ಸ್ಕೋಪ್ ಹುಡುಕಿ ತಂದು ಜೋಡಿಸಿದರೆ ಪ್ರತಿಕೃತಿ ಸಿದ್ಧ. ಅದು ಮೂಲ ರೈಫಲಿಗಿಂತ ನಿಖರವಾಗಿ ಗುರಿ ಹೊಡೆಯುವುದೂ ಉಂಟು, ಏಕೆಂದರೆ ನಳಿಗೆ ಹೊಸದು, ಯಂತ್ರ ಈ ಕಾಲದ್ದು. ಆದರೂ ಮರುಮಾರಾಟಕ್ಕೆ ಇಟ್ಟಾಗ ಅದು ಸಾಮಾನ್ಯವಾಗಿ ಬಿಡಿಭಾಗಗಳಿಗೂ ಕೂಲಿಗೂ ಕೊಟ್ಟ ಮೊತ್ತವನ್ನು ಮರಳಿ ತರುವುದಿಲ್ಲ. ಸವೆದ ನಳಿಗೆಯ ಮೂಲ ಎಂ40 ಅದರ ಹಲವು ಪಟ್ಟು ತರುತ್ತದೆ.

ಎರಡನೆಯ ಮಹಾಯುದ್ಧದ ಬ್ರಿಟಿಷ್ ಸ್ನೈಪರ್ ರೈಫಲ್ ಲೀ-ಎನ್‌ಫೀಲ್ಡ್ ನಂ. 4 (ಟಿ) ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಕಾರ್ಖಾನೆಯ ಪರೀಕ್ಷೆಯಲ್ಲಿ ಚೆನ್ನಾಗಿ ಗುರಿ ಹೊಡೆದ ಸಾಮಾನ್ಯ ರೈಫಲುಗಳನ್ನು ಆರಿಸಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಗೆ ಕಳುಹಿಸುತ್ತಿದ್ದರು. ಅಲ್ಲಿ ಕೆನ್ನೆಗೆ ಆನಿಸಲು ಮರದ ತುಂಡೊಂದನ್ನು ಕೂರಿಸಿ, ಮೊದಲು ಬ್ರೆನ್ ಮೆಷಿನ್ ಗನ್ನಿಗೆಂದು ರೂಪಿಸಿದ್ದ ನಂ. 32 ಸ್ಕೋಪನ್ನು ಜೋಡಿಸುತ್ತಿದ್ದರು. ಕೊಳ್ಳುವ ಪರಿಣತ ಇಂದು ಮುಖ್ಯವಾಗಿ ನೋಡುವುದು ಮೂರು ಗುರುತುಗಳನ್ನು: ಕಟ್ಟಿನ ಎಡಮೈಯಲ್ಲಿ ‘ಟಿ’ ಎಂಬ ಒತ್ತು, ಮರದ ಹಿಡಿಯ ಅಡಿಯಲ್ಲಿ ಹಾಲೆಂಡ್ ಸಂಸ್ಥೆಯ ಸಂಕೇತ ‘ಎಸ್51’, ಮತ್ತು ಹಿಡಿಯ ಸಣ್ಣ ಸೊಂಟದ ಮೇಲ್ಮೈಯಲ್ಲಿ ಅಚ್ಚೊತ್ತಿದ ಸ್ಕೋಪಿನ ಸಂಖ್ಯೆ. ಆ ಸಂಖ್ಯೆಯೂ ಮೇಲೆ ಕೂತಿರುವ ಸ್ಕೋಪಿನ ಸಂಖ್ಯೆಯೂ ಒಂದೇ ಆಗಿದ್ದರೆ ರೈಫಲಿನ ಮೌಲ್ಯ ಒಂದು. ಬೇರೆಯಾಗಿದ್ದರೆ, ಸ್ಕೋಪ್ ಅದೇ ಕಾಲದ್ದೇ ಆದರೂ, ಮೌಲ್ಯ ಬೇರೊಂದು. ಗುಂಡು ಹಾರುವ ದಾರಿಗೆ ಆ ಅಂಕೆಗಳಿಂದ ಕೂದಲೆಳೆಯ ವ್ಯತ್ಯಾಸವೂ ಆಗುವುದಿಲ್ಲ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಇದು ಸಂಗ್ರಾಹಕರ ಖಯಾಲಿಯಷ್ಟೇ ಅಲ್ಲವೇ? ಗುರಿ ಹೊಡೆಯಲು ಕೊಳ್ಳುವವನಿಗೆ ಪ್ರತಿಕೃತಿಯೂ ಮೂಲವೂ ಒಂದೇ ಕೆಲಸ ಮಾಡುತ್ತವೆ. ಆಗ ಮೌಲ್ಯವೂ ಒಂದೇ ಆಗಬೇಕಲ್ಲ? ಬಳಕೆಯ ಮಟ್ಟಿಗೆ ಈ ಮಾತು ಸರಿ, ಪ್ರತಿಕೃತಿಯನ್ನು ಮಾಡಿಸುವವರ ಬಲವಾದ ಸಮರ್ಥನೆಯೂ ಇದೇ. ಆದರೆ ಬಳಕೆಯಷ್ಟೇ ಗುರಿಯಾಗಿದ್ದರೆ ಅವರಿಗೆ ಹಳೆಯ ಆಕಾರ, ಅಂದಿನ ಹಸಿರು ಬಣ್ಣದ ಸ್ಕೋಪ್ ಬೇಕಿರಲಿಲ್ಲ. ಅದೇ ಹಣಕ್ಕೆ ಅದಕ್ಕಿಂತ ಒಳ್ಳೆಯ ಆಧುನಿಕ ರೈಫಲ್ ಬರುತ್ತಿತ್ತು. ಆಕಾರಕ್ಕೆಂದು ಹೆಚ್ಚುವರಿ ಹಣ ಕೊಟ್ಟವನು ಚರಿತ್ರೆಯ ಒಂದು ಪಾಲನ್ನು ಕೊಳ್ಳಲು ಹೊರಟಿದ್ದಾನೆ. ಆ ಪಾಲು ಮಾತ್ರ ಕೆಲಸಗಾರನ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಭಾರತದಲ್ಲಿ ಈ ಹವ್ಯಾಸಕ್ಕೆ ಜಾಗವೇ ಇಲ್ಲ. ನಂ. 4 (ಟಿ) .303ರದು, ಎಂ40 7.62ರದು. ಭಾರತೀಯ ಸೇನೆ ದಶಕಗಳಿಂದ ಬಳಸಿದ ಡ್ರಾಗುನೋವ್ 7.62ರದಷ್ಟೇ ಅಲ್ಲ, ಅರೆ-ಸ್ವಯಂಚಾಲಿತವೂ ಹೌದು. ಇವುಗಳ ನಿಜವಾದ, ಗುಂಡು ಹಾರಿಸುವ ಪ್ರತಿಕೃತಿ ನಿಷಿದ್ಧ ವರ್ಗಕ್ಕೆ ಸೇರುತ್ತದೆ. ಪರವಾನಗಿಯಿಲ್ಲದೆ ಕೋವಿ ತಯಾರಿಸುವುದೇ ಅಪರಾಧ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅದಕ್ಕೆ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. 2016ರ ಆಯುಧ ನಿಯಮಗಳು ಪ್ರತಿಕೃತಿಯನ್ನೂ ಹೆಸರಿಸಿ ವ್ಯಾಖ್ಯಾನಿಸಿವೆ. ಉಳಿಯುವುದು ಸಿನಿಮಾದ ನೋಟದ ಕೋವಿ. ‘ಕೆ.ಜಿ.ಎಫ್. ಚಾಪ್ಟರ್ 2’ (2022) ಚಿತ್ರದ ‘ದೊಡ್ಡಮ್ಮ’ ಎಂಬ ಮೆಷಿನ್ ಗನ್ನಿಗೆ ಬೆಲೆ ಬಂದದ್ದು ತೆರೆಯ ಮೇಲೆ. ಸೆಟ್ಟಿನ ಹೊರಗೆ ಅಂಥದ್ದು ಕೇವಲ ಒಂದು ಸಾಮಾನು.

ನಿಜವಾದ ಸ್ನೈಪರ್ ರೈಫಲ್ ಕರ್ನಾಟಕದಲ್ಲಿ ತಯಾರಾಗುವುದು ಬೇರೆ ವಿಷಯ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ 7.62 ಬೋರಿನ ‘ವೈಪರ್’, .338 ಬೋರಿನ ‘ಸೇಬರ್’ ಎಂಬ ಸ್ನೈಪರ್ ರೈಫಲುಗಳನ್ನು ವಿನ್ಯಾಸಗೊಳಿಸಿದೆ. ಸೇಬರ್ ರಫ್ತಿನ ಸುದ್ದಿ 2024ರಲ್ಲಿ ಬಂತು. ಇವುಗಳ ಬೆಲೆಯ ಮಟ್ಟ ಅಂದಾಜಿಸಲು ಒಂದು ಸರ್ಕಾರಿ ಲೆಕ್ಕ ಸಾಕು. 2018ರ ಫೆಬ್ರವರಿಯಲ್ಲಿ ರಕ್ಷಣಾ ಖರೀದಿ ಮಂಡಳಿ 5,719 ಸ್ನೈಪರ್ ರೈಫಲುಗಳಿಗೆ 982 ಕೋಟಿ ರೂಪಾಯಿಯ ಅಂದಾಜಿಗೆ ಒಪ್ಪಿಗೆ ಕೊಟ್ಟಿತ್ತು. ಭಾಗಿಸಿದರೆ ಒಂದಕ್ಕೆ ಸುಮಾರು 17 ಲಕ್ಷ ರೂಪಾಯಿ. ಇಷ್ಟು ಬೆಲೆಯ ರೈಫಲಿಗೆ ನಾರಾವಿಯ ತೋಟದಲ್ಲಿ ಮೌಲ್ಯ ಸೊನ್ನೆ ಎಂದರೂ ಪೂರ್ತಿ ಸರಿಯಾಗದು. ಅದನ್ನು ಇಟ್ಟುಕೊಂಡವನ ಪಾಲಿಗೆ ಅದು ಜೈಲಿನ ದಾರಿ, ಅಂದರೆ ಸೊನ್ನೆಗಿಂತ ಕೆಳಗೆ.

ನಾರಾವಿಯಲ್ಲಿ ಕೋವಿಯ ಮೌಲ್ಯ

ಕುದುರೆಮುಖ ರಾಷ್ಟ್ರೀಯ ಉದ್ಯಾನ 1987ರಲ್ಲಿ ಘೋಷಣೆಯಾಯಿತು; ವಿಸ್ತಾರ ಸುಮಾರು 600 ಚದರ ಕಿಲೋಮೀಟರ್. 1972ರ ವನ್ಯಜೀವಿ ಕಾಯ್ದೆಯ 34ನೇ ಕಲಮು ಅಭಯಾರಣ್ಯದ ಸುತ್ತ 10 ಕಿಲೋಮೀಟರಿನೊಳಗೆ ವಾಸಿಸುವ ಪ್ರತಿ ಪರವಾನಗಿದಾರನೂ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕೆಂದು ಹೇಳುತ್ತದೆ. ಆ ವ್ಯಾಪ್ತಿಯಲ್ಲಿ ಹೊಸ ಆಯುಧ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪಾಲಕರ ಪೂರ್ವಸಮ್ಮತಿಯೂ ಬೇಕು. 35ನೇ ಕಲಮು ಇದನ್ನು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಉದ್ಯಾನದ ಮಗ್ಗುಲಲ್ಲೇ ಇರುವ ನಾರಾವಿ, ಕುತ್ಲೂರುಗಳು ಈ ನಿಯಮದ ಒಳಗೆ ಬರುತ್ತವೆ. ಪ್ರಾಣಿಗಳ ಹಾವಳಿ ಎಲ್ಲಿ ಹೆಚ್ಚೋ ಅಲ್ಲಿಯೇ ಹೊಸ ಪರವಾನಗಿ ಸಿಗುವುದು ಹೆಚ್ಚು ಕಷ್ಟ. ಮಂಗಳೂರಿನ ಕಡೆ ಹತ್ತಿಪ್ಪತ್ತು ಮೈಲು ಸರಿದರೆ ಅರ್ಜಿಯ ದಾರಿಯಲ್ಲಿ ಒಂದು ಬಾಗಿಲು ಕಡಿಮೆ.

ಇದರ ಫಲವಾಗಿ ಈಗಾಗಲೇ ಇರುವ ಪರವಾನಗಿ ಇಲ್ಲಿ ಒಂದು ಬಗೆಯ ಆಸ್ತಿ. ಅಜ್ಜನ ಕಾಲದ ಒಂಟಿ ನಳಿಗೆಯ ಕೋವಿಯನ್ನು ವ್ಯಾಪಾರಿಗೆ ಕೊಟ್ಟರೆ ಸಿಗುವುದು ಅತ್ಯಲ್ಪ. ಇನ್ನೊಬ್ಬ ಪರವಾನಗಿದಾರ ಅಥವಾ ಅಧಿಕೃತ ವ್ಯಾಪಾರಿ ಬಿಟ್ಟರೆ ಕೊಳ್ಳುವ ಹಕ್ಕೇ ಯಾರಿಗೂ ಇಲ್ಲ. ಆದರೂ ಮನೆಯವರು ಕೋವಿಯನ್ನು ಬಿಟ್ಟುಕೊಡುವುದಿಲ್ಲ, ಏಕೆಂದರೆ ಕೋವಿ ಹೋದರೆ ಅದರ ಸಂಖ್ಯೆ ಬರೆದ ಪುಸ್ತಕವೂ ಹೋಗಬಹುದು. 2016ರ ನಿಯಮಗಳ ಪ್ರಕಾರ ಪರವಾನಗಿದಾರ ತೀರಿಕೊಂಡಾಗ, ಅಥವಾ ಅವನಿಗೆ 70 ವರ್ಷವಾದಾಗ ಇಲ್ಲವೇ ಕೋವಿ ಅವನ ಬಳಿ 25 ವರ್ಷ ಇದ್ದಾಗ, ವಾರಸುದಾರರಲ್ಲಿ ಒಬ್ಬರ ಹೆಸರಿಗೆ ಪರವಾನಗಿ ಮಾಡಿಸಿಕೊಳ್ಳಬಹುದು. ಮನೆಯಲ್ಲಿ ಪಾಲು ಆಗುವಾಗ ಈ ಕಾಗದವೂ ಚರ್ಚೆಗೆ ಬರುತ್ತದೆ. ಕೋವಿಯ ಬೆಲೆಗಾಗಿ ಅಣ್ಣತಮ್ಮಂದಿರು ಹಟ ಹಿಡಿಯಲಾರರು.

ಹಾಗಾದರೆ ಕೋವಿ ಯಾವುದಾದರೇನು, ಕಾಗದ ಇದ್ದರೆ ಸಾಲದೇ ಎಂದು ಕೇಳಬಹುದು. ಸಾಲದು. ಕಾಗದ ಹೇಳುವುದು ಒಂದು ನಿರ್ದಿಷ್ಟ ಕೋವಿಯ ಬಗ್ಗೆ. ಅದರ ನಳಿಗೆ ತುಕ್ಕು ತಿಂದು ತೆಳ್ಳಗಾಗಿದ್ದರೆ ಕೈ ಮುಖ ಸುಡುವುದು ಹಿಡಿದವನದ್ದೇ. ಕಮ್ಮಾರನ ಕೊಟ್ಟಿಗೆಯಲ್ಲಿ ಹುಟ್ಟುವ ಕಳ್ಳಕೋವಿಯೂ ಒಂದರ್ಥದಲ್ಲಿ ಹೇಳಿ ಮಾಡಿಸಿದ ಪ್ರತಿಕೃತಿಯೇ. ನೋಟಕ್ಕೆ ಕೇಪಿನ ಕೋವಿಯಂತೆಯೇ ಇರುತ್ತದೆ, ಸದ್ದೂ ಮಾಡುತ್ತದೆ. ಆದರೆ ಅದರ ನಳಿಗೆ ಯಾವ ಪರೀಕ್ಷೆಗೂ ಒಳಗಾಗಿಲ್ಲ, ಮೇಲೆ ಸಂಖ್ಯೆಯೂ ಇಲ್ಲ. ಇಟ್ಟುಕೊಂಡದ್ದಕ್ಕೇ 2019ರ ತಿದ್ದುಪಡಿಯ ಪ್ರಕಾರ 2ರಿಂದ 5 ವರ್ಷ ಶಿಕ್ಷೆ. ಅಗ್ಗದ ಕೋವಿಯೇ ಕೊನೆಗೆ ಅತಿ ದುಬಾರಿಯಾಗುವುದು ಹೀಗೆ. ಸಂಖ್ಯೆಯೆಂಬುದು ಬರೀ ಆಡಳಿತದ ಅಂಕೆಯಲ್ಲ, ಆ ನಳಿಗೆ ಯಾವುದೋ ಒಂದು ಪರೀಕ್ಷೆಯನ್ನು ತಾಳಿಕೊಂಡು ಬಂದದ್ದೆಂಬ ಹೇಳಿಕೆಯೂ ಹೌದು.

ಕೊಡಗಿನ ಉದಾಹರಣೆ ಈ ವಾದಕ್ಕೆ ವಿರುದ್ಧವೆಂದು ತೋರಬಹುದು. ಅಲ್ಲಿ ಪರವಾನಗಿಯೇ ಇಲ್ಲದೆ ಕೋವಿಗೆ ದೊಡ್ಡ ಮಾನ: ಸೆಪ್ಟೆಂಬರಿನ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಹುಟ್ಟು ಸಾವುಗಳಲ್ಲಿ ಗುಂಡಿನ ಸದ್ದು. ಆದರೆ ಆ ವಿನಾಯಿತಿಯೂ ಕಾಗದದಿಂದಲೇ ಹುಟ್ಟಿದ್ದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುವ ಕೇಂದ್ರದ ಅಧಿಸೂಚನೆ, ಅದನ್ನು 2029ರವರೆಗೆ ಮುಂದುವರಿಸಿದ 2019ರ ಆದೇಶ, ಅದನ್ನು ಎತ್ತಿಹಿಡಿದ 2021ರ ಕರ್ನಾಟಕ ಹೈಕೋರ್ಟಿನ ತೀರ್ಪು, ಪ್ರತಿಯೊಬ್ಬರ ಕೈಯಲ್ಲಿನ ವಿನಾಯಿತಿ ಪತ್ರ. ಪರವಾನಗಿ ಇಲ್ಲವೆಂದ ಮಾತ್ರಕ್ಕೆ ಕೋವಿ ಅಲ್ಲಿ ದಾಖಲೆಯ ಹೊರಗಿಲ್ಲ.

ಬಳಕೆ

ಕೋವಿಯ ಕೆಲಸವನ್ನು ಹೊಡೆತ ಮತ್ತು ಸದ್ದು ಎಂದು ವಿಂಗಡಿಸಿದರೆ ನಾರಾವಿ ಸೀಮೆಯಲ್ಲಿ ಸದ್ದಿನ ಪಾಲೇ ದೊಡ್ಡದು. ಎಳೆ ಅಡಿಕೆಯನ್ನು ಕಿತ್ತು ಚೀಪಿ ಎಸೆಯುವುದು ಮಂಗ; ಗದ್ದೆಯ ಪೈರಿಗೆ ಬೀಳುವುದು ನವಿಲು; ಬಾಳೆ ಮುರಿದು ಎಳೆ ಸಸಿ ತುಳಿಯುವುದು ಕಾಟಿ; ಎಳನೀರು ಕೊರೆಯುವುದು ಕೆಂದಳಿಲು. ಇವುಗಳಲ್ಲಿ ಯಾವುದನ್ನೂ ಕೋವಿ ಪರವಾನಗಿ ಇದೆಯೆಂದು ಕೊಲ್ಲುವಂತಿಲ್ಲ. ಗದ್ದೆ ಉತ್ತಂತೆ ನೆಲ ಅಗೆದು ಹೋಗುವ ಹಂದಿಯನ್ನು ಕೊಲ್ಲಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಗಡಿಯಾಚೆಯ ಕೇರಳ 2022ರಲ್ಲಿ ಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಪಂಚಾಯಿತಿ ಮಟ್ಟಕ್ಕೆ ಇಳಿಸಿ, ಪರವಾನಗಿ ಕೋವಿಯುಳ್ಳವರ ಪಟ್ಟಿಯಿಂದ ಕೆಲಸ ಮಾಡಿಸುವ ಪದ್ಧತಿ ತಂದಿತು. ಅಲ್ಲಿ ಕೋವಿಗಿಂತ ಆ ಪಟ್ಟಿಯಲ್ಲಿ ಹೆಸರಿರುವುದು ಮುಖ್ಯವಾಯಿತು. ಇತ್ತ ಕಡೆ ರಾತ್ರಿ ತೋಟದ ಬದಿಯಲ್ಲಿ ನಿಂತು ಆಕಾಶಕ್ಕೆ ಹಾರಿಸುವ ಒಂದು ಈಡೇ ಕೋವಿಯ ದಿನಬಳಕೆ.

ಸದ್ದಿಗೇ ಆದರೆ ಕೋವಿ ಯಾಕೆ? ಗರ್ನಾಲು, ಪಟಾಕಿ, ಪ್ಲಾಸ್ಟಿಕ್ ಪೈಪಿನ ಕಾರ್ಬೈಡ್ ಕೋವಿ ಸಾಲವೇ? ಈ ಆಕ್ಷೇಪವೇ ಅತ್ಯಂತ ಬಲವಾದದ್ದು. ಹಲವು ತೋಟಗಳಲ್ಲಿ ಪೈಪಿನ ಕೋವಿ ಈಗಾಗಲೇ ನಿಜ ಕೋವಿಯ ಜಾಗ ಹಿಡಿದಿದೆ. ಅದು ಸದ್ದಿನ ಪ್ರತಿಕೃತಿ. ಬೆಲೆ ಕೆಲವೇ ನೂರು ರೂಪಾಯಿ. ಆದರೆ ಯಾವ ಪ್ರತಿಕೃತಿಗೂ ಎದುರಿನವ ನಂಬುವವರೆಗೆ ಮಾತ್ರ ಮೌಲ್ಯ. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಮಂಗಗಳನ್ನು ಹೆದರಿಸಲು ನಾಯಿಗೆ ಹುಲಿಯ ಪಟ್ಟೆ ಬಳಿದದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ಮಂಗ ಬಹುಬೇಗ ಕಲಿಯುವ ಪ್ರಾಣಿ; ಸದ್ದಿನ ಹಿಂದೆ ನೋವಿಲ್ಲವೆಂದು ಅರಿತರೆ ಮರದ ಮೇಲೇ ಕುಳಿತು ನೋಡುತ್ತದೆ. ಇತ್ತ ಸಂರಕ್ಷಿತ ಪ್ರಾಣಿಯಾದ್ದರಿಂದ ನಿಜವಾದ ಕೋವಿಯೂ ಅದಕ್ಕೆ ನೋವು ಮಾಡುವಂತಿಲ್ಲ. ಮಂಗನ ಮಟ್ಟಿಗೆ ನಿಜ ಕೋವಿಯೂ ಪೈಪಿನ ಕೋವಿಯೂ ಸಮಾನವೆಂದು ಒಪ್ಪಬೇಕು. ವ್ಯತ್ಯಾಸ ಉಳಿಯುವುದು ಹಂದಿಯ ವಿಷಯದಲ್ಲಿ, ಮತ್ತು ಕಾಡಂಚಿನ ಒಂಟಿ ಮನೆಯ ಧೈರ್ಯದಲ್ಲಿ. ಕಾರ್ಬೈಡ್ ಕೋವಿಯನ್ನು ನಿರಪಾಯವೆಂದು ಭಾವಿಸುವುದೂ ತಪ್ಪು: 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದರಿಂದ ಹಲವು ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಅದರ ನಳಿಗೆಗೆ ಪರೀಕ್ಷೆಯಿಲ್ಲ, ಸಂಖ್ಯೆಯಿಲ್ಲ, ತಯಾರಕನ ಹೆಸರೂ ಇಲ್ಲ.

ಇಂದಿನ ಸ್ಥಿತಿ

2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು 3ರಿಂದ 5 ವರ್ಷಕ್ಕೆ ಏರಿಸಿತು. ನಾರಾವಿಯ ಮಟ್ಟಿಗೆ ಮೊದಲನೆಯದು ಅಷ್ಟು ತಟ್ಟಲಿಲ್ಲ, ಎರಡನೆಯದು ಕಚೇರಿಯ ಓಡಾಟವನ್ನು ತುಸು ಕಡಿಮೆ ಮಾಡಿತು. ಬೆಳೆಗಾರರ ದೊಡ್ಡ ದೂರು ಚುನಾವಣೆಯದು. ನೀತಿಸಂಹಿತೆ ಬಂದ ಕೂಡಲೇ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶ ಹೊರಡುತ್ತದೆ. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಂದು ಬಾರಿಬಾರಿಗೂ ಇದೇ ನಡೆಯುತ್ತದೆ. ಪ್ರತಿ ಸಲ ತಿಂಗಳು ಎರಡು ತಿಂಗಳು ತೋಟಕ್ಕೆ ಕಾವಲಿಲ್ಲ. ವಿನಾಯಿತಿ ಕೊಡುವ ಪರಿಶೀಲನಾ ಸಮಿತಿ ಜಿಲ್ಲೆಯಲ್ಲಿದ್ದರೂ ಎಲ್ಲರನ್ನೂ ಒಂದೇ ಸಾಲಿಗೆ ಸೇರಿಸುವ ಆದೇಶಗಳ ವಿರುದ್ಧ ಜಿಲ್ಲೆಯ ಬೆಳೆಗಾರರು ಹೈಕೋರ್ಟಿನವರೆಗೂ ಹೋಗಿದ್ದಾರೆ. ಠೇವಣಿಯ ಅವಧಿಯಲ್ಲಿ ಕೋವಿಗೆ ಸಿಗುವುದು ಠಾಣೆಯ ರಶೀದಿಯೊಂದು. ಮರಳಿ ಪಡೆಯುವಾಗ ಅದರ ಮೇಲಿನ ಸಂಖ್ಯೆಯನ್ನು ನಳಿಗೆಯ ಸಂಖ್ಯೆಗೆ ತಾಳೆ ನೋಡಬೇಕು.

ಮುಂದಿನ ತೊಡಕು ವಾರಸುದಾರಿಕೆಯದು. ತೋಟದ ಮನೆಗಳ ಮಕ್ಕಳು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಗಲ್ಫಿನಲ್ಲೋ ಇದ್ದರೆ, ಬೆಳೆ ಕಾಯಲು ಕೋವಿ ಬೇಕೆಂದು ಅವರು ಅಧಿಕಾರಿಯ ಎದುರು ಹೇಳುವುದು ಹೇಗೆ? ಪರವಾನಗಿದಾರ ತೀರಿಕೊಂಡಾಗ ಕಾಯ್ದೆಯ 21ನೇ ಕಲಮಿನಂತೆ ಕೋವಿಯನ್ನು ಠಾಣೆಗೋ ಅಧಿಕೃತ ವ್ಯಾಪಾರಿಗೋ ಒಪ್ಪಿಸಬೇಕು. ನಿಗದಿತ ಅವಧಿಯೊಳಗೆ ವಾರಸುದಾರ ಪರವಾನಗಿ ಪಡೆದರೆ ಅದು ಮನೆಗೆ ಮರಳುತ್ತದೆ, ಇಲ್ಲವಾದರೆ ಸರ್ಕಾರದ ವಶಕ್ಕೆ ಹೋಗಬಹುದು. ಬಳಸಲಾರದಷ್ಟು ಹಾಳಾದ, ದುರಸ್ತಿಯಿಂದಲೂ ಸರಿಯಾಗದ ಪುರಾತನ ಕೋವಿಗಳನ್ನು ಕಾಯ್ದೆಯ 45ನೇ ಕಲಮು ಪರವಾನಗಿಯ ಹೊರಗಿಟ್ಟಿದೆ. ಹಳೆ ಕೋವಿಯನ್ನು ಗೋಡೆಯ ಅಲಂಕಾರಕ್ಕಾದರೂ ಉಳಿಸಿಕೊಳ್ಳಬೇಕೆನ್ನುವ ಮನೆಗೆ ಅದೊಂದು ದಾರಿ; ಅದು ಹಾರದೆಂಬುದನ್ನು ಅಧಿಕಾರಿಯ ಎದುರು ಮೊದಲೇ ದೃಢಪಡಿಸಿಕೊಳ್ಳುವುದು ಕ್ಷೇಮ.